ಹಳೆಯ ಪೇಟೆಯ ಮಗ್ಗುಲಲ್ಲಿ ಹೊಸ ಮನೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಕೆಲವು ತಿಂಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹಲವು ಒಂದೇ ಇಕ್ಕಟ್ಟನ್ನು ಬೇರೆ ಬೇರೆ ದಿಕ್ಕಿನಿಂದ ಹೇಳಿಕೊಂಡಿವೆ. ನಗರದ ಒಂದು ಭಾಗವನ್ನು ಕೆಡವಿ ಹೊಸದಾಗಿ ಕಟ್ಟಲಾಗಿದೆ. ಅದರ ಮಗ್ಗುಲಲ್ಲೇ, ಒಂದು ರಸ್ತೆ ದಾಟಿದರೆ ಸಿಗುವಷ್ಟು ಹತ್ತಿರದಲ್ಲಿ, ಕಾನೂನಿನ ರಕ್ಷಣೆಯಲ್ಲಿರುವ ಹಳೆಯ ಪೇಟೆ ಇದೆ. ರಸ್ತೆಯ ಈಚೆಗಿರುವವರೂ ಆಚೆಗಿರುವವರೂ ಬರೆದಿದ್ದಾರೆ. ಅವುಗಳಿಂದ ಆರು ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಬರೆದವರ ಹೆಸರನ್ನೂ ಊರನ್ನೂ ಬೇಕೆಂದೇ ಬಿಟ್ಟಿದ್ದೇನೆ.

ಪ್ರಶ್ನೆ: ಪುನರಭಿವೃದ್ಧಿಯಾದ ಬಡಾವಣೆಯಲ್ಲಿ ನಾವು ಫ್ಲ್ಯಾಟ್ ಕೊಂಡು ಮೂರು ವರ್ಷವಾಯಿತು. ಎದುರಿನ ಹಳೆಯ ಪೇಟೆಯ ಹಿರಿಯರೊಬ್ಬರನ್ನು ಒಮ್ಮೆ ಮಾತನಾಡಿಸಿದಾಗ ಅವರು, “ನಿಮ್ಮ ಕಟ್ಟಡದ ಲಿಫ್ಟ್ ಇರುವ ಕಡೆ ನನ್ನ ಅಕ್ಕನ ಮನೆಯ ಮೆಟ್ಟಿಲಿತ್ತು” ಎಂದಷ್ಟೇ ಹೇಳಿ ಸುಮ್ಮನಾದರು. ಅಂದಿನಿಂದ ಲಿಫ್ಟಿಗಾಗಿ ಕಾಯುವಾಗಲೆಲ್ಲ ಮನಸ್ಸಿಗೆ ಒಂದು ಬಗೆಯ ಅಳುಕು. ನಾವು ಯಾರನ್ನೂ ಹೊರಹಾಕಿದವರಲ್ಲ, ಹಣ ಕೊಟ್ಟು ಮನೆ ಕೊಂಡವರು. ಈ ಅಳುಕಿಗೆ ಅರ್ಥವಿದೆಯೇ?

ಉತ್ತರ: ಅರ್ಥವಿದೆ. ಅದನ್ನು ಅಪರಾಧವೆಂದು ಭಾವಿಸಿ ನಿಮ್ಮನ್ನು ನೀವೇ ಹಿಂಸಿಸಿಕೊಳ್ಳುವ ಅಗತ್ಯವಿಲ್ಲ. ಹಾಗೆಂದು ಹಣ ಕೊಟ್ಟಿದ್ದೇವೆ ಎಂಬ ಮಾತಿನಡಿ ಅದನ್ನು ಮುಚ್ಚಿಡುವುದೂ ಸರಿಯಲ್ಲ. ಕ್ರಯಪತ್ರದ ಜೊತೆಗೆ ಆ ನೆಲದ ಮೇಲೆ ಹಿಂದೆ ನಡೆದ ಬದುಕೂ ನಮ್ಮ ಪಾಲಿಗೆ ಬರುತ್ತದೆ, ಅದನ್ನು ತಿಳಿದುಕೊಳ್ಳುವ ಹೊಣೆಯೂ ಬರುತ್ತದೆ ಎಂದು ನಾನು ನಂಬಿದ್ದೇನೆ.

ನಿಮ್ಮ ಪತ್ರ ಓದುತ್ತಿದ್ದಾಗ ನನಗೆ ಮೊದಲು ನೆನಪಾದದ್ದು ಅಮೆರಿಕದ ಬಾಸ್ಟನ್ ನಗರ. ಅಲ್ಲಿ ಬೀಕನ್ ಹಿಲ್ ಎಂಬ ಗುಡ್ಡದ ಮೇಲಿನ ಹಳೆಯ ಇಟ್ಟಿಗೆ ಮನೆಗಳ ಕೇರಿಗೆ 1955ರಲ್ಲಿ ಪಾರಂಪರಿಕ ಪ್ರದೇಶವೆಂಬ ಕಾನೂನಿನ ರಕ್ಷಣೆ ದೊರೆಯಿತು. ಅದೇ ಗುಡ್ಡದ ಬುಡದಲ್ಲಿ, ಕೇಂಬ್ರಿಜ್ ಸ್ಟ್ರೀಟ್ ಎಂಬ ರಸ್ತೆಯ ಆಚೆಗೆ, ವೆಸ್ಟ್ ಎಂಡ್ ಎಂಬ ಇನ್ನೊಂದು ಕೇರಿ ಇತ್ತು. ಇಟಲಿಯಿಂದಲೂ ಪೂರ್ವ ಯುರೋಪಿನಿಂದಲೂ ವಲಸೆ ಬಂದ ಕುಟುಂಬಗಳು ಒಂದರ ಮೇಲೊಂದು ಅಂತಸ್ತಿನಲ್ಲಿ ಒತ್ತೊತ್ತಾಗಿ ಬದುಕುತ್ತಿದ್ದ ಜಾಗ ಅದು. ಶಿಥಿಲ ಪ್ರದೇಶಗಳನ್ನು ತೆರವುಗೊಳಿಸಲು ಒಕ್ಕೂಟ ಸರ್ಕಾರದ ಹಣ ಒದಗಿಸಿದ 1949ರ ವಸತಿ ಕಾಯ್ದೆಯ ಬಲದಿಂದ ಆ ಕೇರಿಯನ್ನು ಕೊಳೆಗೇರಿ ಎಂದು ಘೋಷಿಸಲಾಯಿತು. 1958ರಲ್ಲಿ ಸ್ವಾಧೀನ ನಡೆಯಿತು. ಎರಡು ಮೂರು ವರ್ಷಗಳಲ್ಲಿ ಬೀದಿಗೆ ಬೀದಿಯೇ ನೆಲಸಮವಾಗಿ, ಅಲ್ಲಿ ಹೆಚ್ಚು ಬಾಡಿಗೆಯ ಎತ್ತರದ ವಸತಿ ಗೋಪುರಗಳು ಎದ್ದವು. ಒಂದೇ ಗುಡ್ಡದ ಆಸುಪಾಸಿನಲ್ಲಿ, ಒಂದೇ ದಶಕದಲ್ಲಿ, ಒಂದು ಕೇರಿ ಪರಂಪರೆ ಎನಿಸಿಕೊಂಡಿತು, ಇನ್ನೊಂದು ಕಸ ಎನಿಸಿಕೊಂಡಿತು. ಆ ತೀರ್ಪಿನಲ್ಲಿ ಇಟ್ಟಿಗೆಯ ವಯಸ್ಸಿಗಿಂತ ಮನೆಯೊಳಗಿದ್ದವರ ವರಮಾನ ಹೆಚ್ಚು ತೂಗಿತು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಕೆಡವುವ ಮುನ್ನ ಹರ್ಬರ್ಟ್ ಗ್ಯಾನ್ಸ್ ಎಂಬ ಸಮಾಜಶಾಸ್ತ್ರಜ್ಞ 1957–58ರಲ್ಲಿ ಕೆಲವು ತಿಂಗಳು ಅಲ್ಲಿಯೇ ಮನೆ ಮಾಡಿಕೊಂಡಿದ್ದು, ಅದು ಕೊಳೆಗೇರಿಯಲ್ಲ, ಕಡಿಮೆ ಬಾಡಿಗೆಯ, ನೆರೆಹೊರೆ ಗಟ್ಟಿಯಾಗಿದ್ದ ವಸತಿ ಎಂದು ಬರೆದರು. ಹೊರಹೋದವರನ್ನು ಆಮೇಲೆ ಭೇಟಿ ಮಾಡಿದ ಮನಶ್ಶಾಸ್ತ್ರಜ್ಞ ಮಾರ್ಕ್ ಫ್ರೈಡ್ 1963ರಲ್ಲಿ, ಅವರಲ್ಲಿ ಅನೇಕರು ತಮ್ಮವರನ್ನು ಕಳೆದುಕೊಂಡವರಂತೆಯೇ ಶೋಕಿಸುತ್ತಿದ್ದಾರೆ ಎಂದು ದಾಖಲಿಸಿದರು. ಚದುರಿಹೋದ ಕುಟುಂಬಗಳು 1985ರಲ್ಲಿ ತಮ್ಮದೇ ಒಂದು ಪತ್ರಿಕೆ ಆರಂಭಿಸಿ ಹಳೆಯ ಬೀದಿಗಳ ಸುದ್ದಿಯನ್ನು ಹಂಚಿಕೊಂಡವು. ಈಗ ಅದೇ ನೆಲದಲ್ಲಿ ಆ ಕೇರಿಯ ನೆನಪಿಗಾಗಿ ಒಂದು ವಸ್ತುಸಂಗ್ರಹಾಲಯವೂ ಇದೆ. ನಿಮಗೆ ಸಿಕ್ಕ ಹಿರಿಯರು ಮೆಟ್ಟಿಲಿನ ಮಾತು ಆಡಿ ಸುಮ್ಮನಾದದ್ದು ನಿಮ್ಮನ್ನು ದೂರುವುದಕ್ಕಾಗಿ ಇರಲಾರದು. ಆ ಮೆಟ್ಟಿಲು ಎಲ್ಲಿತ್ತೆಂದು ಬಲ್ಲವರಲ್ಲಿ ಬಹುಶಃ ಅವರೇ ಕೊನೆಯವರು, ಅದನ್ನು ಯಾರಿಗಾದರೂ ಒಪ್ಪಿಸಿ ಹೋಗಬೇಕೆಂಬ ತವಕ ಅವರಿಗಿದ್ದಿರಬಹುದು.

ಆದ್ದರಿಂದ ಅವರ ಬಳಿಗೆ ಮತ್ತೊಮ್ಮೆ ಹೋಗಿ. ಕೈಯಲ್ಲಿ ಹಳೆಯ ನಕ್ಷೆಯೊಂದಿದ್ದರೆ ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ. ಭೂಮಾಪನ ಇಲಾಖೆಯ ಹಳೆಯ ನಕ್ಷೆಗಳು, ತೆರಿಗೆ ಪುಸ್ತಕಗಳು, ನೀರು ಮತ್ತು ಒಳಚರಂಡಿ ಸಂಪರ್ಕದ ಕಡತಗಳು, ಸ್ವಾಧೀನದ ಸಮಯದಲ್ಲಿ ತೆಗೆದ ಫೋಟೋಗಳು ಬಹುತೇಕ ನಗರಗಳ ದಾಖಲೆ ಕೋಣೆಗಳಲ್ಲಿ ಉಳಿದಿರುತ್ತವೆ. ಅಮೆರಿಕದ ನಗರಗಳಲ್ಲಿ ಬೆಂಕಿ ವಿಮೆಗಾಗಿ ತಯಾರಿಸಿದ ಸ್ಯಾನ್‌ಬೋರ್ನ್ ನಕ್ಷೆಗಳಿವೆ. ಅವುಗಳಲ್ಲಿ ಇಟ್ಟಿಗೆಯ ಮನೆಗೆ ಗುಲಾಬಿ ಬಣ್ಣ, ಮರದ ಮನೆಗೆ ಹಳದಿ, ಕಲ್ಲಿನದಕ್ಕೆ ನೀಲಿ. ಅಂಥ ಹಾಳೆಯೊಂದರ ಮೇಲೆ ಬೆರಳಿಟ್ಟು “ಇದು ಅಕ್ಕನ ಮನೆ” ಎಂದು ಅವರು ತೋರಿಸಿದರೆ, ಅದರ ಪ್ರತಿಯೊಂದನ್ನು ಚೌಕಟ್ಟು ಹಾಕಿಸಿ, ಅವರ ಒಪ್ಪಿಗೆ ಪಡೆದು, ನಿಮ್ಮ ಕಟ್ಟಡದ ಲಿಫ್ಟಿನ ಪಕ್ಕದಲ್ಲೇ ತೂಗುಹಾಕಿ. ಅದರ ಉದ್ಘಾಟನೆಗೆ ಅವರನ್ನೇ ಕರೆಯಿರಿ.

ಪ್ರಶ್ನೆ: ನಾನು ರಸ್ತೆಯ ಆಚೆಗಿನವಳು, ಹಳೆಯ ಪೇಟೆಯಲ್ಲಿ ಹುಟ್ಟಿ ಬೆಳೆದವಳು. ನಮ್ಮ ಮನೆಗೆ ನೂರು ವರ್ಷ ದಾಟಿದೆ. ಹಿಂದಿನ ನಿವೇಶನದಲ್ಲಿ ಹೊಸ ಸಮುಚ್ಚಯಕ್ಕಾಗಿ ಮೂರು ಅಂತಸ್ತಿನ ನೆಲಮಾಳಿಗೆ ಅಗೆಯುತ್ತಿದ್ದಾರೆ. ಅಡುಗೆಮನೆಯ ಗೋಡೆಯಲ್ಲಿ ಬಿರುಕು ಕಾಣಿಸಿದೆ. ಕೇಳಿದರೆ, “ಅದು ಹಳೆಯ ಬಿರುಕು, ಹಳೆಯ ಮನೆ” ಎನ್ನುತ್ತಾರೆ. ಮೇಸ್ತ್ರಿಯೊಬ್ಬರು ಸಿಮೆಂಟ್ ತುಂಬಿ ಬಣ್ಣ ಬಳಿಯೋಣ ಎಂದಿದ್ದಾರೆ. ಏನು ಮಾಡಲಿ?

ಉತ್ತರ: ದಯವಿಟ್ಟು ಇಂದೇ ಸಿಮೆಂಟ್ ತುಂಬಿಸಬೇಡಿ. ಬಿರುಕು ಈಗ ನಿಮ್ಮ ಸಾಕ್ಷಿ. ಅದನ್ನು ಮುಚ್ಚಿದರೆ ಸಾಕ್ಷಿಯ ಬಾಯಿ ಮುಚ್ಚಿದಂತೆ.

ಮೊದಲು ಬಿರುಕಿನ ಎರಡೂ ತುದಿಯಲ್ಲಿ ಪೆನ್ಸಿಲಿನಿಂದ ಸಣ್ಣ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಬಿರುಕು ಉದ್ದವಾದರೆ ಗೆರೆ ದಾಟಿ ಮುಂದಕ್ಕೆ ಹೋಗುತ್ತದೆ. ಅಗಲ ಹೆಚ್ಚುತ್ತಿದೆಯೇ ಎಂದು ತಿಳಿಯಲು ಬಿರುಕಿನ ಎರಡು ಪಕ್ಕದಲ್ಲಿ ಒಂದೊಂದು ಚುಕ್ಕೆ ಇಟ್ಟು ನಡುವಿನ ಅಂತರವನ್ನು ವಾರಕ್ಕೊಮ್ಮೆ ಅಳೆಯಿರಿ; ತೆಳುವಾದ ಗಾಜಿನ ಪಟ್ಟಿಯನ್ನು ಬಿರುಕಿನ ಮೇಲೆ ಅಡ್ಡಲಾಗಿ ಅಂಟಿಸುವ ಹಳೆಯ ವಿಧಾನವೂ ಇದೆ, ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಪಕ್ಕದಲ್ಲೊಂದು ಅಳತೆಪಟ್ಟಿ ಹಿಡಿದು, ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಂತು ಫೋಟೋ ತೆಗೆಯಿರಿ. ಬಿರುಕು ಎಂದ ಮಾತ್ರಕ್ಕೆ ಎಲ್ಲವೂ ಅಪಾಯದ ಸೂಚನೆಯಲ್ಲ. ಹವೆಯ ಬಿಸಿ ತಂಪಿಗೆ ತೆರೆದು ಮುಚ್ಚಿಕೊಳ್ಳುವ ಬಿರುಕುಗಳೂ ಇರುತ್ತವೆ. ಆದರೆ ಕಿಟಕಿಯ ಮೂಲೆಯಿಂದ ಓರೆಯಾಗಿ, ಇಟ್ಟಿಗೆಯ ಸಾಲುಗಳ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಏರಿಹೋಗಿ ಒಂದು ತುದಿಯಲ್ಲಿ ಅಗಲವಾಗುವ ಬಿರುಕು ಕಂಡರೆ, ಬಾಗಿಲು ಚೌಕಟ್ಟಿಗೆ ಕಚ್ಚತೊಡಗಿದರೆ, ತಳಪಾಯ ಕುಸಿಯುತ್ತಿರಬಹುದೆಂದು ತಿಳಿದು ಹಳೆಯ ಕಟ್ಟಡಗಳ ಅನುಭವವಿರುವ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕೂಡಲೇ ಕರೆಸಬೇಕು.

ಅಗೆತ ಏಕೆ ನೆರೆಮನೆಯನ್ನು ಅಲುಗಿಸುತ್ತದೆ ಎಂಬುದನ್ನು ತಿಳಿದುಕೊಂಡರೆ ನೀವು ಕೇಳುವ ಪ್ರಶ್ನೆಗಳು ಚೂಪಾಗುತ್ತವೆ. ಗುಂಡಿ ತೋಡಿದಾಗ ನಿಮ್ಮ ತಳಪಾಯದ ಅಡಿಯ ಮಣ್ಣಿಗೆ ಪಕ್ಕದಿಂದ ಇದ್ದ ಆಸರೆ ಹೋಗುತ್ತದೆ. ಅದನ್ನು ತಡೆಯುವ ಗೋಡೆ ಸ್ವಲ್ಪ ಬಾಗಿದರೂ ಮಣ್ಣು ಗುಂಡಿಯ ಕಡೆಗೆ ಜರುಗುತ್ತದೆ. ಎರಡನೆಯದು ಕಂಪನ. ಕಂಬಗಳನ್ನು ನೆಲಕ್ಕೆ ಹೊಡೆದು ಇಳಿಸುವಾಗ ಏಳುವ ಕಂಪನವನ್ನು ಹೊಸ ಕಾಂಕ್ರೀಟ್ ಕಟ್ಟಡ ತಡೆದುಕೊಳ್ಳುವಷ್ಟು ಹಳೆಯ ಸುಣ್ಣದ ಗಾರೆಯ ಗೋಡೆ ತಡೆಯಲಾರದು. ಜರ್ಮನಿಯ ಡಿಐಎನ್ 4150-3 ಎಂಬ ಮಾನದಂಡವು ಅತಿ ಕಡಿಮೆ ಆವರ್ತನದ ಕಂಪನದಲ್ಲಿ ಕಟ್ಟಡ ಅಲುಗುವ ವೇಗಕ್ಕೆ ತಳಪಾಯದ ಮಟ್ಟದಲ್ಲಿ ವಾಣಿಜ್ಯ ಕಟ್ಟಡಗಳಿಗೆ ಸೆಕೆಂಡಿಗೆ 20 ಮಿಲಿಮೀಟರ್, ವಸತಿಗೆ 5, ಪಾರಂಪರಿಕ ಕಟ್ಟಡಗಳಿಗೆ 3 ಎಂದು ಮಿತಿ ಸೂಚಿಸುತ್ತದೆ. ಮೂರನೆಯದು, ಜನ ಕಡಿಮೆ ಗಮನಿಸುವುದು, ನೀರು. ಗುಂಡಿ ಒಣಗಿಸಲು ಹಗಲೂ ರಾತ್ರಿ ಪಂಪ್ ಓಡಿಸಿದರೆ ಸುತ್ತಲಿನ ಅಂತರ್ಜಲ ಇಳಿಯುತ್ತದೆ, ನೀರು ಹೋದ ಮಣ್ಣು ಕುಗ್ಗುತ್ತದೆ. ಮರದ ಕಂಬಗಳ ಮೇಲೆ ನಿಂತ ಕಟ್ಟಡಗಳಿಗೆ ಇದರಿಂದ ಇನ್ನೂ ದೊಡ್ಡ ಪೆಟ್ಟು: ನೀರಿನಲ್ಲಿ ಮುಳುಗಿರುವಷ್ಟು ಕಾಲ ಮರ ಕೆಡುವುದಿಲ್ಲ, ನೀರು ಇಳಿದು ಗಾಳಿ ತಾಗಿದೊಡನೆ ತಲೆಯ ಭಾಗದಿಂದ ಕೊಳೆಯತೊಡಗುತ್ತದೆ.

ಬಾಸ್ಟನ್ನಿನಲ್ಲೇ ಇದಕ್ಕೂ ನಿದರ್ಶನವಿದೆ. 1877ರಲ್ಲಿ ಪೂರ್ಣಗೊಂಡ ಟ್ರಿನಿಟಿ ಚರ್ಚ್ ಸುಮಾರು 4,500 ಮರದ ಕಂಬಗಳ ಮೇಲೆ ನಿಂತಿದೆ. 1960ರ ದಶಕದ ಕೊನೆಯಲ್ಲಿ ಅದರ ಪಕ್ಕದಲ್ಲೇ 60 ಅಂತಸ್ತಿನ ಗೋಪುರಕ್ಕಾಗಿ ಅಗೆಯುತ್ತಿದ್ದಾಗ ಮಣ್ಣು ತಡೆಯಲು ಇಳಿಸಿದ ಉಕ್ಕಿನ ಹಲಗೆಗಳು ಬಾಗಿದವು, ಪಾದಚಾರಿ ಮಾರ್ಗಗಳು ಕುಸಿದವು, ಚರ್ಚಿನ ಗೋಡೆಗಳಲ್ಲಿ ಬಿರುಕು ಬಂತು. ಚರ್ಚು ನ್ಯಾಯಾಲಯಕ್ಕೆ ಹೋಗಿ, 1987ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯದಲ್ಲೂ ಗೆದ್ದಿತು. ಇಷ್ಟು ದೀರ್ಘ ಹೋರಾಟ ಒಂಟಿ ಮನೆಯವರಿಗೆ ಸಾಧ್ಯವಾಗದು ಎಂದು ನೀವು ಹೇಳಬಹುದು, ಅದು ನಿಜ. ಅದಕ್ಕಾಗಿಯೇ ಆ ನಗರದಲ್ಲಿ 1986ರಲ್ಲಿ ಅಂತರ್ಜಲದ ಮಟ್ಟವನ್ನು ವೀಕ್ಷಣಾ ಬಾವಿಗಳಲ್ಲಿ ಅಳೆದು ಎಲ್ಲರಿಗೂ ತಿಳಿಸುವ ಒಂದು ಟ್ರಸ್ಟ್ ಹುಟ್ಟಿತು. ನಿಮ್ಮ ಬೀದಿಯಲ್ಲಿ ನಾಲ್ಕು ಮನೆಯವರು ಸೇರಿ ಅಳತೆ ಬರೆದಿಡತೊಡಗಿದರೆ ಅದೇ ಕೆಲಸದ ಸಣ್ಣ ರೂಪ ಆರಂಭವಾದಂತೆ.

ಈಗ ಕೇಳಬೇಕಾದವು. ಅಗೆತಕ್ಕೆ ಮೊದಲು ಸುತ್ತಲಿನ ಕಟ್ಟಡಗಳ ಸ್ಥಿತಿಯನ್ನು ಫೋಟೋ ಸಹಿತ ದಾಖಲಿಸಿದ ವರದಿ ಇದೆಯೇ? ಕಂಪನಮಾಪಕ ಎಲ್ಲಿ ಇಟ್ಟಿದ್ದಾರೆ, ಯಾವ ಮಿತಿ ದಾಟಿದರೆ ಕೆಲಸ ನಿಲ್ಲುತ್ತದೆ? ನೀರು ಎತ್ತಲು ಅನುಮತಿ ಇದೆಯೇ? ವಿಮೆ ಯಾರ ಹೆಸರಿನಲ್ಲಿದೆ? ಇವನ್ನು ಲಿಖಿತವಾಗಿ ಕೇಳಿ, ಪರವಾನಗಿ ಕೊಟ್ಟ ಕಚೇರಿಗೆ ಪ್ರತಿ ಕಳುಹಿಸಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1996ರ ಕಾಯ್ದೆಯ ಪ್ರಕಾರ ನೆರೆಯ ಕಟ್ಟಡದಿಂದ 3 ಮೀಟರಿನೊಳಗೆ ಅದರ ತಳಪಾಯಕ್ಕಿಂತ ಆಳವಾಗಿ ಅಗೆಯುವವರು ಒಂದು ತಿಂಗಳು ಮುಂಚಿತವಾಗಿ ನೋಟಿಸ್ ಕೊಡಲೇಬೇಕು. ನಿಮ್ಮಲ್ಲಿ ಇಂಥ ನಿಯಮ ಇದೆಯೇ ಎಂದು ವಕೀಲರಿಂದ ತಿಳಿದುಕೊಳ್ಳಿ.

ಎಲ್ಲ ಅಲುಗಾಟ ನಿಂತ ಮೇಲೆ ದುರಸ್ತಿಯ ಮಾತು. ಆಗಲೂ ಸಿಮೆಂಟ್ ಬೇಡ. ಹಳೆಯ ಗೋಡೆ ಹೀರಿಕೊಂಡ ತೇವವನ್ನು ಸುಣ್ಣದ ಗಾರೆಯ ಸಂದುಗಳ ಮೂಲಕ ಹೊರಬಿಡುತ್ತದೆ. ಆ ಸಂದುಗಳನ್ನು ಗಡಸು ಸಿಮೆಂಟಿನಿಂದ ಮುಚ್ಚಿದರೆ ತೇವವೂ ಉಪ್ಪೂ ಇಟ್ಟಿಗೆಯ ಮೈಯಿಂದಲೇ ಹೊರಬರಬೇಕಾಗುತ್ತದೆ; ಕೆಲವು ವರ್ಷಗಳಲ್ಲಿ ಇಟ್ಟಿಗೆಯ ಮುಖವೇ ಹಪ್ಪಳದಂತೆ ಎದ್ದು ಉದುರುತ್ತದೆ, ಸಿಮೆಂಟ್ ಮಾತ್ರ ಜಾಲರಿಯಂತೆ ಗಟ್ಟಿಯಾಗಿ ನಿಂತಿರುತ್ತದೆ. ಇಂಥ ಗೋಡೆಯ ಮೇಲೆ ಕೈಯಾಡಿಸಿದರೆ ಅಂಗೈ ತುಂಬ ಕೆಂಪು ಪುಡಿ ಬರುತ್ತದೆ. ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಯನ್ನು ಹುಡುಕಿ, ಎಷ್ಟು ತಡವಾದರೂ ಸರಿ.

ಪ್ರಶ್ನೆ: ನಮ್ಮ ಸಮುಚ್ಚಯದ ಮುಂಭಾಗ ಬೋಳಾಗಿದೆ, ಎದುರಿನ ಹಳೆಯ ಪೇಟೆಗೆ ಹೊಂದುವುದಿಲ್ಲ. ಕಮಾನು, ಕೆತ್ತನೆಯ ಕಂಬ, ಹಳೆಯ ಶೈಲಿಯ ದೀಪಗಳನ್ನು ಹಾಕಿಸಬೇಕೆಂದು ಸಂಘದಲ್ಲಿ ತೀರ್ಮಾನವಾಗುತ್ತಿದೆ. ಇದು ಪರಂಪರೆಗೆ ಗೌರವವಲ್ಲವೇ?

ಉತ್ತರ: ಉದ್ದೇಶ ಒಳ್ಳೆಯದು, ಮಾರ್ಗ ತಪ್ಪು ಎನ್ನಬೇಕಾಗಿದೆ. ಸ್ಮಾರಕಗಳ ರಕ್ಷಣೆಗೆ ಜಗತ್ತಿನ ತಜ್ಞರು ಒಪ್ಪಿಕೊಂಡ 1964ರ ವೆನಿಸ್ ಸನ್ನದು ಈ ಬಗ್ಗೆ ಸ್ಪಷ್ಟವಾಗಿದೆ: ಹೊಸದಾಗಿ ಸೇರಿಸಿದ್ದು ಹಳೆಯದರೊಂದಿಗೆ ಹೊಂದಿಕೊಳ್ಳಬೇಕು, ಆದರೆ ಹೊಸದೆಂದು ಗುರುತು ಸಿಗುವಂತಿರಬೇಕು. ನಕಲಿ ಕಮಾನು ನೋಡುವವರ ಕಣ್ಣಿಗೆ ಅಸಲಿ ಕಮಾನಿನ ಬೆಲೆಯನ್ನೂ ತಗ್ಗಿಸುತ್ತದೆ. ವಾರ್ಸಾ ನಗರದ ಹಳೆಯ ಪೇಟೆಯನ್ನು ಯುದ್ಧದಲ್ಲಿ ನಾಶವಾದ ಮೇಲೆ ಹಿಂದಿದ್ದಂತೆಯೇ ಕಟ್ಟಿ, ಅದು 1980ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತಲ್ಲ ಎಂದು ಕೇಳುವವರಿದ್ದಾರೆ. ಅದು ಒಂದು ಜನಾಂಗ ತನ್ನಿಂದ ಕಿತ್ತುಕೊಂಡದ್ದನ್ನು ಮರಳಿ ಪಡೆದ ಕಥೆ. ಅದಕ್ಕೂ ವಸತಿ ಸಮುಚ್ಚಯದ ಅಲಂಕಾರಕ್ಕೂ ಹೋಲಿಕೆ ಇಲ್ಲ.

ಹೊಂದಿಕೆ ಬೇಕೆನಿಸಿದರೆ ಶೈಲಿಯನ್ನು ಬಿಟ್ಟು ಅಳತೆಯನ್ನು ನೋಡಿ. ಎದುರಿನ ಬೀದಿಯಲ್ಲಿ ಎಷ್ಟು ಹೆಜ್ಜೆಗೊಂದು ಬಾಗಿಲು ಬರುತ್ತದೆ ಎಂದು ನಡೆದು ಎಣಿಸಿ. ಹಳೆಯ ಬೀದಿ ಕಣ್ಣಿಗೆ ಹಿತವಾಗಿರುವುದು ಕೆತ್ತನೆಗಿಂತ ಹೆಚ್ಚಾಗಿ ಈ ಬಾಗಿಲು ಕಿಟಕಿಗಳ ಲಯದಿಂದ, ಅವುಗಳ ಹಿಂದೆ ಯಾರೋ ಇದ್ದಾರೆಂಬ ಭರವಸೆಯಿಂದ. ನಿಮ್ಮ ಉದ್ದನೆಯ ಕಾಂಪೌಂಡ್ ಗೋಡೆಯಲ್ಲಿ ಒಂದೆರಡು ಕಡೆ ದಾರಿ ಬಿಟ್ಟು, ನೆಲಮಟ್ಟದಲ್ಲಿ ಎರಡು ಕೋಣೆಗಳನ್ನು ಬೀದಿಯ ಕಡೆಗೆ ತೆರೆದರೆ, ಕಮಾನಿಗೆ ಇಟ್ಟ ಹಣ ಹತ್ತು ಪಾಲು ಸಾರ್ಥಕವಾಗುತ್ತದೆ.

ಪ್ರಶ್ನೆ: ನಮ್ಮ ನಿವೇಶನ ಪಾರಂಪರಿಕ ಪ್ರದೇಶದ ಗಡಿಯಿಂದ ಹೊರಗಿದೆ. ಆದರೂ ಇನ್ನೆರಡು ಅಂತಸ್ತು ಏರಿಸಲು ಅನುಮತಿ ಸಿಗುತ್ತಿಲ್ಲ. ಇದು ಅನ್ಯಾಯವಲ್ಲವೇ?

ಉತ್ತರ: ಗಡಿಯ ಗೆರೆ ನಕ್ಷೆಯಲ್ಲಿದೆ, ನೋಟಕ್ಕೆ ಅದು ಕಾಣುವುದಿಲ್ಲ. ಆದ್ದರಿಂದಲೇ ರಕ್ಷಿತ ಪ್ರದೇಶದ ಸುತ್ತ ಇನ್ನೊಂದು ವಲಯವನ್ನು ಗುರುತಿಸಿ ಎತ್ತರವನ್ನು ಮಿತಿಯಲ್ಲಿಡುತ್ತಾರೆ. ಇಂಗ್ಲೆಂಡಿನ ಲಿವರ್‌ಪೂಲ್ ಬಂದರು ಪ್ರದೇಶ 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತ್ತು. ಹಡಗುಕಟ್ಟೆಗಳ ಪುನರಭಿವೃದ್ಧಿ ಯೋಜನೆಯ ಕಾರಣದಿಂದ 2012ರಲ್ಲಿ ಅಪಾಯದ ಪಟ್ಟಿಗೆ ಜಾರಿ, 2021ರಲ್ಲಿ ಪಟ್ಟಿಯಿಂದಲೇ ಹೊರಬಿತ್ತು. ಅಂಥ ಗತಿ ಕಂಡವುಗಳಲ್ಲಿ ಅದು ಜಗತ್ತಿನಲ್ಲೇ ಮೂರನೆಯದು. ಕಟ್ಟಬಾರದೆಂದು ನಿಮಗೆ ಹೇಳುವವರು ಹೆದರುವುದು ಇಂಥದಕ್ಕೆ.

ಹಾಗೆಂದು ಎಲ್ಲರ ಹಿತಕ್ಕಾಗಿ ಒಬ್ಬರೇ ನಷ್ಟ ಹೊರಬೇಕೆಂದೂ ಇಲ್ಲ. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ ಮೇಲೆ ಕಚೇರಿ ಗೋಪುರ ಕಟ್ಟುವುದನ್ನು ನಗರ ತಡೆದಾಗ, ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1978ರಲ್ಲಿ ಆ ನಿರ್ಬಂಧವನ್ನು ಎತ್ತಿಹಿಡಿಯಿತು. ಆ ತೀರ್ಪಿನಲ್ಲಿ ಗಮನಕ್ಕೆ ಬಂದ ಒಂದು ಸಂಗತಿಯೆಂದರೆ, ಬಳಸಲಾಗದ ಕಟ್ಟುವ ಹಕ್ಕನ್ನು ಹತ್ತಿರದ ಬೇರೆ ನಿವೇಶನಗಳಿಗೆ ವರ್ಗಾಯಿಸಲು ಅಲ್ಲಿ ಅವಕಾಶವಿತ್ತು. ಇಂದು ಅನೇಕ ನಗರಗಳಲ್ಲಿ ಈ ವರ್ಗಾವಣೆಯ ಹಕ್ಕು ಇದೆ. ನಿಮ್ಮ ನಗರದ ನಿಯಮದಲ್ಲಿ ಅದು ಇದ್ದರೆ ಅರ್ಜಿ ಹಾಕಿ. ಇಲ್ಲದಿದ್ದರೆ ಅದಕ್ಕಾಗಿ ಒತ್ತಾಯಿಸುವುದು ನ್ಯಾಯವಾದ ಬೇಡಿಕೆ.

ಪ್ರಶ್ನೆ: ಹಳೆಯ ಪೇಟೆಯ ಕಮ್ಮಾರಸಾಲೆಯ ಸದ್ದು ಬೆಳಗ್ಗೆ ಆರಕ್ಕೇ ಆರಂಭವಾಗುತ್ತದೆ. ಗಂಟೆಗೊಮ್ಮೆ ಗಡಿಯಾರದ ಗೋಪುರ ಬಾರಿಸುತ್ತದೆ. ನಮ್ಮ ಸಂಘ ದೂರು ಕೊಡಬಹುದೇ?

ಉತ್ತರ: ಕೊಡಬಹುದು, ಆದರೆ ಕೊಡಬಾರದೆಂದು ನನ್ನ ಕೋರಿಕೆ. ಸದ್ದು ಮೊದಲಿತ್ತು, ನೀವು ಆಮೇಲೆ ಬಂದಿರಿ. ಹೊಸದಾಗಿ ಬಂದ ಕಟ್ಟಡವೇ ತನ್ನ ನಿವಾಸಿಗಳನ್ನು ಸದ್ದಿನಿಂದ ಕಾಯುವ ಹೊಣೆ ಹೊರಬೇಕು ಎಂಬ ತತ್ವವನ್ನು ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯ 2014ರಲ್ಲಿ ಸಂಗೀತದ ತಾಣಗಳ ವಿಷಯದಲ್ಲಿ, ಇಂಗ್ಲೆಂಡ್ 2018ರಲ್ಲಿ ತನ್ನ ಯೋಜನಾ ನೀತಿಯಲ್ಲಿ ಅಳವಡಿಸಿಕೊಂಡವು. ಆದ್ದರಿಂದ ಮೊದಲು ಕೇಳಬೇಕಾದದ್ದು ನಿಮ್ಮ ಕಟ್ಟಡ ಕಟ್ಟಿದವರನ್ನು: ಆ ಕಡೆಯ ಕಿಟಕಿಗಳಿಗೆ ಎರಡು ಪದರದ ಗಾಜು ಏಕೆ ಹಾಕಲಿಲ್ಲ, ಮಲಗುವ ಕೋಣೆಗಳನ್ನು ಅತ್ತ ಏಕೆ ತಿರುಗಿಸಿದರು? ಕಮ್ಮಾರಸಾಲೆಯ ಯಜಮಾನರನ್ನು ಭೇಟಿಯಾಗಿ ಅರ್ಧ ಗಂಟೆ ತಡವಾಗಿ ಆರಂಭಿಸಲು ಸಾಧ್ಯವೇ ಎಂದು ಕೇಳಿನೋಡಿ. ಕುಲುಮೆ ಕಾಯುವ ಹೊತ್ತಿಗೆ ತಕ್ಕಂತೆ ಅವರ ಕೆಲಸದ ಕ್ರಮ ಇರುತ್ತದೆ, ಅದನ್ನು ಕಣ್ಣಾರೆ ಕಂಡರೆ ಆ ಸದ್ದು ಕಿವಿಗೆ ಬೇರೆಯಾಗಿಯೇ ಕೇಳಿಸುತ್ತದೆ.

ಪ್ರಶ್ನೆ: ಹಳೆಯ ಪೇಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಬಾಡಿಗೆಗೆ ಇದ್ದೇನೆ, ಕೆಳಗೆ ಪುಸ್ತಕ ಬೈಂಡಿಂಗ್ ಅಂಗಡಿ, ಮೇಲೆ ಮನೆ. ಪಕ್ಕದಲ್ಲಿ ಹೊಸ ಬಡಾವಣೆ ಎದ್ದ ಮೇಲೆ ನಮ್ಮ ಬೀದಿಯನ್ನೂ ಚೊಕ್ಕಟಗೊಳಿಸಿ ಕಲ್ಲು ಹಾಸಿದ್ದಾರೆ. ಬೀದಿ ಚೆನ್ನಾಗಿದೆ. ಆದರೆ ಮಾಲೀಕರು ಬಾಡಿಗೆಯನ್ನು ಎರಡು ಪಟ್ಟು ಕೇಳುತ್ತಿದ್ದಾರೆ. ಕಟ್ಟಡಕ್ಕೆ ರಕ್ಷಣೆ ಇದೆ, ನನಗೆ ಇಲ್ಲವೇ?

ಉತ್ತರ: ನಿಮ್ಮ ಕೊನೆಯ ವಾಕ್ಯವನ್ನು ನಗರ ಯೋಜನೆ ಮಾಡುವ ಪ್ರತಿಯೊಬ್ಬರ ಮೇಜಿನ ಮೇಲೂ ಬರೆದಿಡಬೇಕು. ಬಹುತೇಕ ಪರಂಪರೆಯ ಕಾನೂನುಗಳು ಗೋಡೆ, ಚಾವಣಿ, ಕಿಟಕಿಗಳನ್ನು ಕಾಯುತ್ತವೆ. ಒಳಗೆ ಬದುಕುವವರ ವಿಷಯದಲ್ಲಿ ಮೌನವಾಗಿರುತ್ತವೆ. ಲಂಡನ್ನಿನ ಕಾರ್ಮಿಕರ ಕೇರಿಗಳಲ್ಲಿ ಹಳೆಯ ಮನೆಗಳನ್ನು ಅನುಕೂಲಸ್ಥರು ಕೊಂಡು ಚೆಂದ ಮಾಡಿಕೊಳ್ಳುತ್ತಿದ್ದಂತೆ ಮೂಲ ನಿವಾಸಿಗಳು ಹೊರಬೀಳುವುದನ್ನು ಗಮನಿಸಿದ ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ 1964ರಲ್ಲಿ ಆ ಪ್ರಕ್ರಿಯೆಗೆ ಜೆಂಟ್ರಿಫಿಕೇಶನ್ ಎಂದು ಹೆಸರಿಟ್ಟರು. ಫ್ರಾನ್ಸಿನಲ್ಲಿ 1962ರ ಮಾಲ್ರೋ ಕಾಯ್ದೆ ಪ್ಯಾರಿಸ್ಸಿನ ಮಾರೇ ಎಂಬ ಹಳೆಯ ಕೇರಿಯನ್ನು ನೆಲಸಮವಾಗದಂತೆ ಉಳಿಸಿತು. ಆದರೆ ಅಂಗಳಗಳಲ್ಲಿ ಬೆಳೆದಿದ್ದ ಕಾರ್ಯಾಗಾರಗಳನ್ನು ಹಳೆಯ ಸೌಂದರ್ಯಕ್ಕೆ ಅಡ್ಡಿಯೆಂದು ತೆಗೆದುಹಾಕಿದಾಗ ಅಲ್ಲಿ ಕೈಕೆಲಸದವರ ಸಂಖ್ಯೆಯೂ ಕುಗ್ಗುತ್ತ ಬಂತು. ಕಲ್ಲು ಉಳಿದು ಕಸುಬು ಹೋಯಿತು.

ಬೇರೆ ದಾರಿ ಇಲ್ಲದಿಲ್ಲ. ಇಟಲಿಯ ಬೊಲೋನ್ಯಾ ನಗರ 1973ರಲ್ಲಿ, ವಾಸ್ತುಶಿಲ್ಪಿ ಪಿಯೆರ್ ಲುಯಿಜಿ ಚೆರ್ವೆಲ್ಲಾತಿ ಅವರ ಮುಂದಾಳತ್ವದಲ್ಲಿ, ಹಳೆಯ ಊರಿನೊಳಗಿನ ಶಿಥಿಲ ಮನೆಗಳ ದುರಸ್ತಿಗೆ ಸಾರ್ವಜನಿಕ ವಸತಿಯ ಹಣವನ್ನೇ ಬಳಸಲು ಹೊರಟಿತು. ಊರನ್ನು ಉಳಿಸುವುದೆಂದರೆ ಅಲ್ಲಿಯ ಜನರನ್ನೂ ಉಳಿಸುವುದು ಎಂಬುದು ಆ ಯೋಜನೆಯ ತಿರುಳು. ಅಂದುಕೊಂಡದ್ದೆಲ್ಲ ನೆರವೇರಲಿಲ್ಲ, ಆದರೂ ಹಾಗೆ ಯೋಚಿಸಲು ಸಾಧ್ಯ ಎಂದು ಅದು ತೋರಿಸಿಕೊಟ್ಟಿತು. ಬಾಸ್ಟನ್ನಿನ ಡಡ್ಲಿ ಸ್ಟ್ರೀಟ್ ಸುತ್ತಲಿನ ನಿವಾಸಿಗಳು 1984ರಲ್ಲಿ ಕಟ್ಟಿದ ಸಂಸ್ಥೆಗೆ 1988ರಲ್ಲಿ ತಮ್ಮ ನೆರೆಯ ಖಾಲಿ ನಿವೇಶನಗಳನ್ನು ಸ್ವಾಧೀನಪಡಿಸಿಕೊಳ್ಳುವ ಅಧಿಕಾರವೇ ದೊರೆಯಿತು. ನೆಲ ಸಮುದಾಯದ ಟ್ರಸ್ಟಿನ ಹೆಸರಿನಲ್ಲಿರುತ್ತದೆ, ಅದರ ಮೇಲಿನ ಮನೆಯನ್ನು ಮಾತ್ರ ಜನ ಕೊಳ್ಳುತ್ತಾರೆ, ಮಾರುವಾಗ ಬೆಲೆಗೆ ಮಿತಿ ಇರುತ್ತದೆ. ವೆಸ್ಟ್ ಎಂಡ್ ನೆಲಸಮವಾದ ಅದೇ ನಗರದಲ್ಲಿ, ಮೂವತ್ತು ವರ್ಷಗಳ ನಂತರ, ಸ್ವಾಧೀನದ ಅಸ್ತ್ರ ಹೀಗೆ ನಿವಾಸಿಗಳ ಕೈಗೆ ಬಂತು ಎಂಬುದು ನನಗೆ ಪ್ರತಿ ಸಲವೂ ಬಲ ಕೊಡುವ ಸಂಗತಿ.

ನಿಮಗೆ ಈ ತಿಂಗಳು ಬೇಕಾದ ಸಹಾಯ ಇದಕ್ಕಿಂತ ಹತ್ತಿರದ್ದು. ಇಪ್ಪತ್ತೆರಡು ವರ್ಷದ ಬಾಡಿಗೆ ರಸೀದಿ, ವಿದ್ಯುತ್ ಬಿಲ್ಲು, ಅಂಗಡಿಯ ಪರವಾನಗಿಗಳನ್ನು ವರ್ಷವಾರು ಜೋಡಿಸಿ ಒಂದು ಕಡತ ಮಾಡಿ. ದೀರ್ಘಕಾಲದ ಬಾಡಿಗೆದಾರರಿಗೆ ಇರುವ ಕಾನೂನಿನ ರಕ್ಷಣೆ ಎಲ್ಲ ಕಡೆಯೂ ಇಂಥ ದಾಖಲೆಗಳನ್ನೇ ಅವಲಂಬಿಸಿರುತ್ತದೆ. ವಕೀಲರನ್ನು ನೋಡುವವರೆಗೆ ಯಾವ ಹೊಸ ಕರಾರಿಗೂ ಸಹಿ ಹಾಕಬೇಡಿ, ಹಳೆಯ ಬಾಡಿಗೆಯನ್ನು ತಪ್ಪದೆ ದಾಖಲೆ ಉಳಿಯುವ ರೀತಿಯಲ್ಲಿ ಪಾವತಿಸುತ್ತಿರಿ. ಮಾಲೀಕರು ದುರಸ್ತಿಗೆ ಸರ್ಕಾರದ ಸಹಾಯಧನ ಪಡೆದಿದ್ದಾರೆಯೇ, ಪಡೆದಿದ್ದರೆ ಅದರ ಷರತ್ತುಗಳಲ್ಲಿ ಬಾಡಿಗೆದಾರರ ವಿಷಯವಿದೆಯೇ ಎಂದು ವಿಚಾರಿಸಿ. ನಿಮ್ಮಂತೆಯೇ ಎರಡು ಪಟ್ಟು ಕೇಳಿಸಿಕೊಂಡವರು ಬೀದಿಯಲ್ಲಿ ಎಷ್ಟು ಮಂದಿ ಇದ್ದಾರೆಂದು ತಿಳಿದು, ಒಟ್ಟಿಗೆ ಮಾಲೀಕರ ಬಳಿಗೆ ಹೋಗಿ, ಐದು ವರ್ಷಗಳಲ್ಲಿ ಹಂತ ಹಂತವಾಗಿ ಏರುವ ಲಿಖಿತ ಕರಾರನ್ನು ಮುಂದಿಡಿ.

ಇನ್ನು, ಮೊದಲ ಪತ್ರ ಬರೆದ ಓದುಗರಂಥವರು ನಿಮ್ಮ ಎದುರಿನ ಬಡಾವಣೆಯಲ್ಲೂ ಇದ್ದೇ ಇರುತ್ತಾರೆ. ಅವರ ಸಂಘದ ಲೆಕ್ಕದ ಪುಸ್ತಕಗಳನ್ನೂ ಮಕ್ಕಳ ಹರಿದ ಪಠ್ಯಗಳನ್ನೂ ಬೈಂಡ್ ಮಾಡಿಕೊಡುವವರು ನೀವೇ ಎಂದು ಅವರಿಗೆ ಗೊತ್ತಾಗಲಿ. ಪರವಾನಗಿ ಕಚೇರಿಯ ಅಹವಾಲು ಸಭೆಯಲ್ಲಿ, ಈ ಅಂಗಡಿ ನಮಗೂ ಬೇಕು ಎಂದು ಹೊಸ ಬಡಾವಣೆಯ ನಾಲ್ವರು ಎದ್ದು ನಿಂತು ಹೇಳಿದರೆ, ಅದಕ್ಕೆ ನಿಮ್ಮ ಒಬ್ಬರ ಮನವಿಗಿಂತ ಹೆಚ್ಚಿನ ತೂಕ ಇರುತ್ತದೆ. ಸಭೆಯ ದಿನಾಂಕ ತಿಳಿದ ಕೂಡಲೇ ಆ ಸಂಘಕ್ಕೆ ಒಂದು ಪತ್ರ ಬರೆಯಿರಿ. ನಿಮ್ಮ ಬಗ್ಗೆ ಎರಡು ಸಾಲು, ಅಂಗಡಿ ತೆರೆದಿರುವ ವೇಳೆ, ಮತ್ತು ಬಂದು ನೋಡಿ ಎಂಬ ಆಹ್ವಾನ ಅದರಲ್ಲಿದ್ದರೆ ಸಾಕು.